ಹಾರನ್ ಮಾಮನ ಎಲೆಮಿಡತೆ

ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು ಹೆದ್ದಾರಿ ಬದಿಯ ಅಂಗಡಿಯಲ್ಲಿ ಲಾರಿ ಹಾರನ್ ರಿಪೇರಿ ಮಾಡುತ್ತಿದ್ದರು. ನನಗೆ ಅವರು ಹಾರನ್ ಮಾಮ. ಮಾತಾಡಿದರೆ ಅವರಿಗೆ ಕೇಳಿಸುತ್ತಿತ್ತು. ಆದರೆ ಸಣ್ಣ, ಚೂಪು ದನಿಗಳನ್ನೆಲ್ಲ ಆ ಹಾರನ್‌ಗಳು ಯಾವತ್ತೋ ನುಂಗಿಬಿಟ್ಟಿದ್ದವು.

ಎರಡು ಮನೆಗೂ ಹಬ್ಬಿದ್ದ ಹೀರೇಬಳ್ಳಿಯಿಂದ ಸಂಜೆ ಹಸಿರು ಹುಳುಗಳು ಬಂದು ನಮ್ಮ ಕಿಟಕಿ ಜಾಲರಿಯ ಮೇಲೆ ಕೂರುತ್ತಿದ್ದವು. ಮಾಮ ಗ್ರೀಸು ಹತ್ತಿದ ಬೆರಳು ಚಾಚಿ ತೋರಿಸುತ್ತಿದ್ದರು.

"ಮೊದ್ಲು ಮೀಸೆ ನೋಡಮ್ಮಿ. ಮೈಗಿಂತ ಉದ್ದ ಅದೆ, ಎಲೆಮಿಡ್ತೆ ಕಣಮ್ಮಿ ಇದು. ಬಾಲದಲ್ಲಿ ಕುಡ್ಲಿನಂಗೆ ಬಾಗಿರೋ ಮೊನೆ ಇದ್ರೆ ಹೆಣ್ಣು. ಇದ್ಕಿಲ್ಲ, ಗಂಡು. ರೆಕ್ಕೆ ಉಜ್ಜಿ ಕೂಗ್ತದೆ."

ಆಮೇಲೆ ದಿನಾ ಅದೇ ಪ್ರಶ್ನೆ: "ಕೂಗ್ತಾ ಅದಾ?"

ಹೌದು ಅಂದರೆ ನಾನು ಅದರ ಹಾಗೇ ಕೂಗಿ ತೋರಿಸಬೇಕಿತ್ತು. ತಾವು ರಿಪೇರಿ ಮಾಡಿದ ಹಾರನ್ನೇ ಮೊಳಗಿತೇನೋ ಎಂಬಂತೆ ಮಾಮ ತಲೆಯಾಡಿಸುತ್ತಿದ್ದರು.

ಅವತ್ತು ನಾನು ಪರೀಕ್ಷೆಗೆ ಓದುತ್ತಿದ್ದೆ. ಜಾಲರಿಯ ಮೇಲೆ ಮಿಡತೆ ಒಂದೇ ಸಮ ಕೂಗುತ್ತಿತ್ತು. ಕಿಟಕಿಯಾಚೆ ನಿಂತು ಮಾಮ ಕೇಳಿದರು, "ಕೂಗ್ತಾ ಅದಾ ಅಮ್ಮಿ?"

ಕೂಗಿ ತೋರಿಸುವ ತಾಳ್ಮೆ ಇರಲಿಲ್ಲ. ತಲೆ ಎತ್ತದೆ, "ಇಲ್ಲ ಮಾಮ" ಅಂದುಬಿಟ್ಟೆ.

ಆಮೇಲೆ ತಲೆ ಎತ್ತಿ ನೋಡಿದೆ. ಮಾಮ ಬಗ್ಗಿ ಮಿಡತೆಯನ್ನೇ ನೋಡುತ್ತಿದ್ದರು. ಅದರ ರೆಕ್ಕೆಗಳು ಒಂದಕ್ಕೊಂದು ಉಜ್ಜಿಕೊಂಡು ನಡುಗುತ್ತಲೇ ಇದ್ದವು.

"ಆಗ್ಲಿ ಬುಡಮ್ಮಿ. ಓದ್ಕೊ," ಅಂದರು.

ಆಮೇಲೂ ಸಂಜೆ ಬಂದು ಜಾಲರಿಯ ಮುಂದೆ ನಿಂತು ರೆಕ್ಕೆ ನೋಡುತ್ತಿದ್ದರು. ನನ್ನನ್ನು ಮಾತ್ರ ಮತ್ತೆ ಕೇಳಲಿಲ್ಲ. ಕೂಗ್ತಾ ಅದೆ ಮಾಮ ಅಂತ ನಾನಾಗಿಯೇ ಹೇಳಬಹುದಿತ್ತು. ಅವರು ಬದುಕಿದ್ದಷ್ಟು ದಿನ ಹೇಳಲಿಲ್ಲ.