ಬಾಗಿಲಮ್ಮನ ಅಳತೆ

ನಮ್ಮ ಭಾವ ಸೀಟು ಹೊಲಿಯುವವರು. ಭಾವ ಅಂದರೆ ನನ್ನ ಅಕ್ಕನ ಗಂಡ. ಸ್ಕೂಟರಿನ ಸೀಟು, ವ್ಯಾನಿನ ಸೀಟು, ಹಲ್ಲಿನ ಡಾಕ್ಟರ ಕುರ್ಚಿ, ಏನೇ ಬರಲಿ, ಹರಿದ ಹೊದಿಕೆ ಕಿತ್ತು ಹೊಸ ರೆಕ್ಸಿನ್ ತೊಡಿಸಿ ಕಳಿಸುತ್ತಾರೆ. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ ಮಿಷನ್. ನಾನು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಅವರು ಕೂರುವ ಜಾಗಕ್ಕೆ ಹೊಲಿಯುತ್ತಾರೆ, ನಾನು ಕೂರುವವರಿಗೆ. ನಮ್ಮಿಬ್ಬರ ನಡುವೆ ಒಂದು ಪರದೆ ಇದೆ. ಅದು ಸೊಟ್ಟಗಿದೆ, ಮತ್ತು ಅದನ್ನು ಹೊಲಿದವರು ಯಾರು ಎಂಬ ಜಗಳ ಹದಿನಾಲ್ಕು ವರ್ಷದಿಂದ ನಡೆಯುತ್ತಿದೆ.

ಭಾವನ ಕೆಲಸಕ್ಕೆ ಒಂದೇ ನೇಮ: ಸುಕ್ಕು ಇರಕೂಡದು. ಮುಗಿದ ಸೀಟಿನ ಮೇಲೆ ಅಂಗೈ ಸವರುತ್ತಾರೆ. ಎಲ್ಲಾದರೂ ಕೂದಲೆಳೆಯಷ್ಟು ಸಡಿಲ ಸಿಕ್ಕಿದರೆ ಗಿರಾಕಿಯ ಎದುರಿಗೇ ಹೊಲಿಗೆ ಬಿಚ್ಚಿಹಾಕುತ್ತಾರೆ. ಗಿರಾಕಿ ‘ಪರವಾಗಿಲ್ಲ ಬಿಡಿ’ ಎಂದರೆ ಅವರಿಗೆ ಬೈದಷ್ಟು ಸಿಟ್ಟು.

“ಇದ್ದದ್ದನ್ನ ಇದ್ದ ಹಾಗೆ ಅಳೀಬೇಕು, ಬಿಗಿಯಾಗಿ ಎಳೀಬೇಕು. ಅಷ್ಟೇ ವಿದ್ಯೆ,” ಎನ್ನುತ್ತಾರೆ.

“ಸೀಟು ಉಸಿರಾಡಲ್ಲ, ಕೈ ಎತ್ತಲ್ಲ. ಅದಕ್ಕೇ ನಿಮ್ಮ ವಿದ್ಯೆ ನಡೀತಾ ಇದೆ ಭಾವ,” ಎಂದು ನಾನು ಪರದೆಯ ಈಚೆಯಿಂದ ಚುಚ್ಚುತ್ತೇನೆ.

ಅವರ ಮಗಳಿಗೆ ಈಗ ಹತ್ತೊಂಬತ್ತು. ಹತ್ತಕ್ಕೆ ಅಪ್ಪನ ಭುಜ ಮುಟ್ಟಿದಳು, ಹನ್ನೆರಡಕ್ಕೆ ಅಪ್ಪನನ್ನೇ ದಾಟಿದಳು. ಆಗ ಭಾವ ಅವಳಿಗೆ ‘ಏಣಿ’ ಎಂದು ಹೆಸರಿಟ್ಟರು. ಅಂಗಡಿಗೆ ಬಂದ ಯಾರಾದರೂ ‘ಅಬ್ಬಾ, ಎಷ್ಟೆತ್ತರ ನಿಮ್ಮ ಮಗಳು’ ಎಂದರೆ ಸಾಕು, “ಏಣಿ ಅದು. ಬೇಕಾದ್ರೆ ಬಾಡಿಗೆಗೆ ಕೊಡ್ತೀನಿ” ಎಂದು ತಯಾರಿದ್ದ ಉತ್ತರ ಬರುತ್ತಿತ್ತು. ಮಂದಿ ಆಡಿಕೊಳ್ಳುವ ಮೊದಲು ತಾನೇ ಆಡಿಬಿಟ್ಟರೆ ಅವರ ಬಾಯಿಗೆ ಕೆಲಸವಿರುವುದಿಲ್ಲ ಎಂದು ಅವರ ಎಣಿಕೆ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದನ್ನು ನಾನು ಯಾರೆದುರು ಬೇಕಾದರೂ ಹೇಳುತ್ತೇನೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹುಡುಗಿ ಪ್ರತಿ ಸಲವೂ ನಕ್ಕಳು. ನಗುತ್ತಲೇ ಭುಜ ಮುಂದಕ್ಕೆ ತಂದಳು, ಕತ್ತು ತಗ್ಗಿಸಿದಳು, ಬೆನ್ನು ಬಾಗಿಸಿದಳು. ಎತ್ತರ ಎಷ್ಟು ಎಂದು ಯಾರಾದರೂ ಕೇಳಿದರೆ “ಐದಡಿ ಎಂಟು” ಎಂದು ತಪ್ಪು ಒಪ್ಪಿಕೊಳ್ಳುವವಳ ಹಾಗೆ ಹೇಳುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಅಕ್ಕ ಮನೆಗೆ ಬಂದವಳೇ “ನೆಟ್ಟಗೆ ನಿಲ್ಲೇ” ಎಂದು ಗದರಿಸುವಳು. ಗದರಿಸಿದರೆ ಬೆನ್ನು ನೆಟ್ಟಗಾಗುತ್ತದೆಯೇ?

ಹೀಗಿರುವಾಗ ಬಸ್ ನಿಲ್ದಾಣದ ಪಕ್ಕದ ಥಿಯೇಟರಿಗೆ ಮಕ್ಕಳ ಸಿನಿಮಾವೊಂದು ಬರುವುದಿತ್ತು. ಒಂದು ಕೋಟೆ, ಅದರ ಬಾಗಿಲು ಕಾಯುವ ಆಳೆತ್ತರ ಮೀರಿದ ಹೆಂಗಸು, ಮೈತುಂಬ ತಾಮ್ರದ ಕವಚ. ಮಾತೇ ಆಡುವುದಿಲ್ಲ. ರಾಜ ಬಂದು ತಲೆ ಬಾಗಿಸು ಎಂದರೂ ಬಾಗಿಸುವುದಿಲ್ಲ. ಟಿವಿಯಲ್ಲಿ ತುಣುಕು ನೋಡಿದ ಮಕ್ಕಳೆಲ್ಲ ಅವಳನ್ನು ಬಾಗಿಲಮ್ಮ ಎಂದು ಕರೆಯತೊಡಗಿದ್ದವು. ಸಿನಿಮಾ ಓಡುವಷ್ಟು ದಿನ ಥಿಯೇಟರಿನ ಮೆಟ್ಟಿಲ ಮೇಲೆ ಬಾಗಿಲಮ್ಮನಾಗಿ ನಿಂತು ಟಿಕೆಟ್ ಹರಿಯಲು ಒಬ್ಬರು ಬೇಕು, ಇಷ್ಟವಿದ್ದವರು ಮನೆಯಲ್ಲೇ ಮಾಡಿದ ವೇಷ ತೊಟ್ಟು ಭಾನುವಾರ ಬೆಳಿಗ್ಗೆ ಬರಬಹುದು, ಬಾಡಿಗೆಯ ವೇಷ ನಡೆಯದು ಎಂದು ಬೋರ್ಡು ಹಾಕಿದ್ದರು.

“ನಾನೂ ಹೋಗ್ಲಾ ಅಪ್ಪ?” ಎಂದಳು ಹುಡುಗಿ, ಊಟದ ತಟ್ಟೆ ನೋಡುತ್ತಾ.

ನಾಲ್ಕು ಜನ ನೋಡುವ ಕಡೆ ತಾನಾಗಿ ಹೋಗುತ್ತೇನೆ ಎಂದು ಅವಳು ಕೇಳಿದ್ದು ಏಳು ವರ್ಷದಲ್ಲಿ ಅದೇ ಮೊದಲು. ತನ್ನ ಎತ್ತರ ಬೇಕಾಗಿರುವ ಒಂದು ಜಾಗ ಅವಳಿಗೆ ಕಂಡಿತ್ತು. ಇದು ಕೈಕೊಟ್ಟರೆ ಇನ್ನೊಂದು ಸಲ ಕೇಳುವವಳಲ್ಲ ಎಂದು ನಮಗೆಲ್ಲ ಗೊತ್ತಿತ್ತು.

“ಹೋಗು. ಆದರೆ ಹೊರಗಿಂದ ಒಂದು ಗುಂಡುಸೂಜೀನೂ ತರೋ ಹಾಗಿಲ್ಲ. ಅಂಗಡೀಲಿ ಇರೋದರಲ್ಲೇ ಮಾಡೋಣ,” ಎಂದರು ಭಾವ. “ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.”

“ಇವಳ ಕಾಲಿಗೆ ಯಾವ ಹಾಸಿಗೆ ಸಾಲುತ್ತೆ ಭಾವ?” ಎಂದೆ ನಾನು. ಎಲ್ಲರೂ ನಕ್ಕೆವು. ಅವಳೂ ನಕ್ಕಳು, ಮೇಜಿನ ಕೆಳಗೆ ಕಾಲು ಒಳಗೆಳೆದುಕೊಂಡಳು. ನನ್ನ ನಾಲಿಗೆಗೆ ನಾನೇ ಬೆಂಕಿ ಹಚ್ಚಬೇಕು.

ಮಾರನೆಯ ದಿನ ಭಾವ ಅಳತೆ ತೆಗೆದರು. ಅವಳನ್ನು ಅಂಗಡಿಯ ನಡುವೆ ನಿಲ್ಲಿಸಿ, ವ್ಯಾನಿನ ಸೀಟು ಅಳೆಯುವ ಟೇಪನ್ನೇ ಹಿಡಿದು, ಸುತ್ತ ಒಂದು ಪ್ರದಕ್ಷಿಣೆ ಬಂದು ರಟ್ಟಿನ ಮೇಲೆ ಬರೆದುಕೊಂಡರು. ಐದಡಿ ಎಂಟಿಂಚು. ನಾನು ತಲೆ ತೂರಿಸಿದರೆ “ನಿಮ್ಮ ಕಡೆ ನೋಡ್ಕೊಳ್ಳಿ ಟೈಲರಮ್ಮ” ಎಂದು ಪರದೆ ಎಳೆದರು. ಸರಿ, ನನಗೇನು ಎಂದು ಸುಮ್ಮನಾದೆ.

ಆದರೆ ಕೆಲಸ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಹಿಂದಿನ ವರ್ಷ ಯಾರೋ ವ್ಯಾನಿಗೆ ತಾಮ್ರದ ಬಣ್ಣದ ರೆಕ್ಸಿನ್ ಹೊಲಿಸಿದ್ದರು. ಅದರಲ್ಲಿ ಉಳಿದ ತುಂಡುಗಳೇ ಕವಚದ ಮೈ. ಹಳೆಯ ಸ್ಕೂಟರ್ ಸೀಟುಗಳ ಮೂತಿಯ ಫೋಮನ್ನು ಬ್ರೆಡ್ ಕೊಯ್ಯುವ ಚಾಕುವಿನಿಂದ ಕೆತ್ತಿ ಭುಜದ ಮೇಲಿನ ಉಬ್ಬು ಮಾಡಿದರು. ಎದುರಿನ ಪೇಂಟರ್ ಬಿಸಾಡಿದ್ದ ಬಣ್ಣದ ಬಕೆಟ್ಟು ಶಿರಸ್ತ್ರಾಣವಾಯಿತು. ಸೋಡಾ ಬಾಟಲಿಯ ಮುಚ್ಚಳಗಳು ಕವಚದ ಮೊಳೆಗಳಾದವು. ಸೊಂಟಕ್ಕೆ ಗುಜರಿ ವ್ಯಾನಿನ ಸೀಟ್ ಬೆಲ್ಟು, ಅದರ ಕೊಂಡಿ ‘ಟಕ್’ ಎಂದು ಕೂರುತ್ತಿತ್ತು. ಹುಡುಗಿ ಮುಚ್ಚಳ ಅಂಟಿಸುತ್ತಾ, ಅಂಟಿನ ಕೈಯನ್ನು ಅಪ್ಪನ ಬೆನ್ನಿಗೆ ಒರೆಸುತ್ತಾ ನಾಲ್ಕು ದಿನ ಅಲ್ಲೇ ಕೂತಿದ್ದಳು. ಅವರಿಬ್ಬರು ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ತೊಟ್ಟು ನೋಡಿದಳು. ಒಂದೇ ಒಂದು ಸುಕ್ಕಿಲ್ಲ. ಭಾವ ಅಂಗೈ ಸವರಿ ನೋಡಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಾಗೆ ನನ್ನ ಕಡೆ ತಿರುಗಿ, “ಏನಂತೀರಿ ಟೈಲರಮ್ಮ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ನನ್ನ ನಿಲುಗನ್ನಡಿಯ ಎದುರು ಹೋಗಿ ನಿಂತಳು. ಕನ್ನಡಿಯಲ್ಲಿ ತನ್ನನ್ನಲ್ಲ, ಬಾಗಿಲಮ್ಮನನ್ನು ಕಂಡಳೋ ಏನೋ. ಭುಜ ಹಿಂದಕ್ಕೆ ಹೋಯಿತು, ಕತ್ತು ಮೇಲೆ ಬಂತು, ಬೆನ್ನು ನೆಟ್ಟಗಾಯಿತು.

ಚರ್ರೆಂದು ಎದೆಯ ಹೊಲಿಗೆ ಬಿಟ್ಟುಕೊಂಡಿತು. ಹಿಂದೆ ಬೆನ್ನಿನ ರೆಕ್ಸಿನ್ ಬುರುಬುರು ಉಬ್ಬಿ ನಿಂತಿತು.

ಹುಡುಗಿ ಗಾಬರಿಯಿಂದ ಮತ್ತೆ ಬಾಗಿದಳು. ಬಿಟ್ಟ ಹೊಲಿಗೆಯ ಅಂಚುಗಳು ಕೂಡಿಕೊಂಡವು, ಉಬ್ಬು ಇಳಿಯಿತು. “ಪರವಾಗಿಲ್ಲ ಬಿಡಪ್ಪ. ನಾನು ಹೀಗೇ ನಿಂತ್ಕೋತೀನಿ,” ಎಂದಳು.

ಭಾವ ದಾರ ಹಿಡಿದು ನೋಡಿದರು. “ದಾರ ಹಳೇದು. ಕೊಳೆತಿದೆ,” ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದಾರದ ತಪ್ಪಲ್ಲ ಭಾವ. ಇದ್ದದ್ದನ್ನ ಇದ್ದ ಹಾಗೆ ಅಳೆದಿರಿ ನೀವು. ಅವಳು ಇದ್ದದ್ದು ಹಾಗಲ್ಲ, ನಾವು ಮಾಡಿದ್ದು ಹಾಗೆ. ಬಾಗಿದ ಮೈಗೆ ಬಿಗಿಯಾಗಿ ಹೊಲಿದುಬಿಟ್ಟರೆ ನೆಟ್ಟಗಾಗೋದು ಹೇಗೆ?”

ಹೇಳಿದ ಮೇಲೆ ನನ್ನ ಹೆಗಲನ್ನೂ ಮುಟ್ಟಿ ನೋಡಿಕೊಂಡೆ. ಆರು ವರ್ಷದಿಂದ ಅವಳ ಬಟ್ಟೆಗಳನ್ನು ಹೊಲಿದವಳು ನಾನು. ಮುಂಭಾಗ ಗಿಡ್ಡ, ಬೆನ್ನು ಉದ್ದ, ಬಾಗಿದವರಿಗೆ ಹೇಗೆ ಕತ್ತರಿಸಬೇಕೋ ಹಾಗೇ ಕತ್ತರಿಸಿ, ಎಷ್ಟು ಚೆನ್ನಾಗಿ ಕೂತಿದೆ ಎಂದು ಹೆಮ್ಮೆಪಟ್ಟುಕೊಂಡಿದ್ದೆ. ಅವಳ ಗೂನಿಗೆ ಅಂಗಿ ತೊಡಿಸಿ ಸಾಕಿದವಳು ನಾನೇ. ಅದನ್ನೂ ಭಾವನಿಗೆ ಹೇಳಿದೆ.

ಭಾವ ಶಿರಸ್ತ್ರಾಣ, ಕವಚ ಎರಡನ್ನೂ ಕಳಚಿಸಿ ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. “ಹಿಮ್ಮಡಿ ತಾಗಲಿ. ಬೆನ್ನು ತಾಗಲಿ. ತಲೆ ತಾಗಲಿ. ಅವಸರ ಇಲ್ಲ,” ಎಂದರು. ಆಮೇಲೆ ತಮ್ಮ ಹೊಲಿಗೆಯ ಸ್ಟೂಲು ಎಳೆದು, ಅದರ ಮೇಲೆ ಹತ್ತಿ, ಅವಳ ನೆತ್ತಿಯ ಮೇಲೆ ಉಕ್ಕಿನ ಅಳತೆಪಟ್ಟಿ ಅಡ್ಡ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ ಎಳೆದರು. ಇಳಿದು ಟೇಪು ಹಿಡಿದರು. ಎರಡು ಸಲ ಹಿಡಿದರು.

ಐದಡಿ ಹನ್ನೊಂದಿಂಚು.

“ಇಷ್ಟು ವರ್ಷ ಈ ಮೂರಿಂಚನ್ನ ಎಲ್ಲಿ ಬಚ್ಚಿಟ್ಟಿದ್ದೆ ಮಗಳೇ?”

“ಬಾಡಿಗೆಗೆ ಹೋಗಿತ್ತಪ್ಪ,” ಎಂದು ಹುಡುಗಿ ನಕ್ಕಳು.

ಭಾವ ನಗಲಿಲ್ಲ. ಗೋಡೆಯ ಗೆರೆಯನ್ನೇ ನೋಡುತ್ತಾ ನಿಂತರು. ಹುಡುಗಿಯ ನಗು ಮೆಲ್ಲಗೆ ಇಳಿಯಿತು, ಆದರೆ ಅವಳು ಗೋಡೆ ಬಿಟ್ಟು ಬರಲಿಲ್ಲ. ಹಿಮ್ಮಡಿ, ಬೆನ್ನು, ತಲೆ ಮೂರೂ ತಾಗಿದ ಹಾಗೇ ನಿಂತಿದ್ದಳು.

ಎದೆಯ ಕೆಳಗೆ ಮೂರು ಬೆರಳಿನಷ್ಟು ಅಗಲದ ಪಟ್ಟಿ ಸೇರಿಸಬೇಕಿತ್ತು. ತಾಮ್ರದ ರೆಕ್ಸಿನ್ ಮುಗಿದಿತ್ತು. ಬೆನ್ನಿನಲ್ಲಿ ಮಿಕ್ಕದ್ದು ಅಷ್ಟು ಅಗಲವಿರಲಿಲ್ಲ, ಆ ಬಣ್ಣ ಈಗ ಅಂಗಡಿಗಳಲ್ಲಿ ಸಿಗುವುದೂ ಇಲ್ಲ. ಭಾವ ಸುತ್ತ ನೋಡಿದರು. ತಾವು ಆಗಷ್ಟೇ ಹತ್ತಿ ಇಳಿದಿದ್ದ ಸ್ಟೂಲಿನ ಮೇಲೆ ಕಣ್ಣು ನಿಂತಿತು. ಅದೇ ತಾಮ್ರದ ಬಣ್ಣದ ರೆಕ್ಸಿನ್ ಅದಕ್ಕೆ ತಾವೇ ತೊಡಿಸಿದ್ದರು. ಒಂದು ವರ್ಷ ಕೂತು ಕೂತು ನಡುವೆ ಮಿರುಗು ಬಂದಿತ್ತು. ಮೊಳೆ ಕಿತ್ತು ಹೊದಿಕೆ ತೆಗೆದರು.

“ಟೈಲರಮ್ಮ, ಪರದೆ ಸರಿಸಿ ಬನ್ನಿ. ಉಸಿರಾಡೋರಿಗೆ ಎಷ್ಟು ಸಡಿಲ ಬಿಡಬೇಕು ಹೇಳಿ,” ಎಂದರು.

ನಾನು ಹೇಳಿದೆ, ಅವರು ಕತ್ತರಿಸಿದರು. ಕಂಕುಳಲ್ಲಿ ಒಂದು ನೆರಿಗೆ, ಸೊಂಟದಲ್ಲಿ ಎರಡು. ಸುಕ್ಕು ಕಂಡರೆ ಆಗದ ಮನುಷ್ಯ ಕೈಯಾರೆ ಮೂರು ನೆರಿಗೆ ಹಾಕಿದರು. ದೀಪ ಹಚ್ಚುವ ಹೊತ್ತಿಗೆ ಕವಚ ಮುಗಿಯಿತು.

ಭಾನುವಾರ ಥಿಯೇಟರಿನ ಮೆಟ್ಟಿಲ ಮೇಲೆ ಒಂಬತ್ತು ಬಾಗಿಲಮ್ಮಂದಿರು. ಕೆಲವರ ವೇಷ ನಮ್ಮದಕ್ಕಿಂತ ಹೊಳೆಯುತ್ತಿತ್ತು, ಸುಳ್ಳೇಕೆ ಹೇಳಲಿ. ಮ್ಯಾನೇಜರು ಬೇರೇನೂ ಕೇಳಲಿಲ್ಲ. “ಕೆಲಸ ಇರೋದೇ ನಿಲ್ಲೋದು. ಅರ್ಧ ಗಂಟೆ ನಿಂತು ತೋರಿಸಿ,” ಎಂದು ಕೈಗಡಿಯಾರ ನೋಡಿದರು.

ನಾನು ಅವಳ ಭುಜ ಬಿಟ್ಟು ಬೇರೇನೂ ನೋಡಲಿಲ್ಲ. ಕೆಳಗೆ ಇನ್ನೂರು ಜನ. ಹತ್ತು ನಿಮಿಷಕ್ಕೆ ಒಬ್ಬಳು ಶಿರಸ್ತ್ರಾಣ ತೆಗೆದಳು, ಇನ್ನೊಬ್ಬಳು ಮೆಟ್ಟಿಲಿಗೆ ಕುಸಿದಳು. ಯಾರೋ ಹುಡುಗರು ನಮ್ಮವಳ ಕಡೆ ಕೈ ತೋರಿಸಿ ಶಿಳ್ಳೆ ಹೊಡೆದರು. ಅವಳ ಬಲಭುಜ ಒಂದು ಎಳೆಯಷ್ಟು ಮುಂದೆ ಬಂತು. ಅಕ್ಕ ನನ್ನ ಮಣಿಕಟ್ಟು ಹಿಂಡಿದಳು. ಆ ಭುಜ ಅಲ್ಲೇ ತಡೆಯಿತು, ಮತ್ತೆ ಹಿಂದಕ್ಕೆ ಹೋಯಿತು. ಎದೆಯ ಕೆಳಗಿನ ಪಟ್ಟಿಯಲ್ಲಿ ಸ್ಟೂಲಿನ ಮಿರುಗು ಬಿಸಿಲಿಗೆ ಕಾಣುತ್ತಿತ್ತು.

ಅರ್ಧ ಗಂಟೆ ಮುಗಿದಾಗ ಮ್ಯಾನೇಜರು ಉಳಿದವರನ್ನು ಒಬ್ಬೊಬ್ಬರಾಗಿ ಇಳಿಸಿದರು. ನಮ್ಮ ಹುಡುಗಿಗೆ ಮಾತ್ರ “ನೀವು ಅಲ್ಲೇ ಇರಿ” ಎಂದರು.

ಭಾವನ ಪಕ್ಕದಲ್ಲಿ ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. “ಅಬ್ಬಾ, ಎಷ್ಟೆತ್ತರ ನೋಡಿ ಆ ಹುಡುಗಿ!” ಎಂದಳು.

ಏಳು ವರ್ಷದ ಅಭ್ಯಾಸ; ಭಾವನ ಬಾಯಿ ಆಗಲೇ ತೆರೆದಿತ್ತು.

“ನನ್ನ ಮಗಳು,” ಎಂದರು. “ಐದಡಿ ಹನ್ನೊಂದಿಂಚು. ನಾನೇ ಅಳೆದಿದ್ದು.”