ಕೇಕಕ್ಕನ ಆರು ಸಾವಿರ ಚಿತ್ರಗಳು

ಕೇಕಕ್ಕ ಎಂಬ ಹೆಸರು ಓಣಿಯ ಮಕ್ಕಳು ಇಟ್ಟದ್ದು. ಅವರ ಹುಟ್ಟಿದ ದಿನಗಳಿಗೆಲ್ಲ ಕೇಕು ಅವಳದು, ಕೇಕೆ ಅವರದು. ಎರಡು ಮಾರಗಲದ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಏಡಿಯಂತೆ ಅಡ್ಡಡ್ಡ ನಡೆದು, ಅವಳು ಕ್ರೀಮಿನಲ್ಲಿ ಕೋಟೆ ಕಟ್ಟಿದ್ದಳು, ಕುದುರೆ ಓಡಿಸಿದ್ದಳು. ಒಂದೂ ಉಳಿದಿರಲಿಲ್ಲ. ಬೇರೆಯವರ ಕೆಲಸ ಕಾಲದ ಹೊಟ್ಟೆ ಸೇರಿದರೆ ಅವಳದು ನೇರವಾಗಿ ನೆಂಟರಿಷ್ಟರ ಹೊಟ್ಟೆಯನ್ನೇ ಸೇರುತ್ತಿತ್ತು.

ಉಳಿದದ್ದು ಫೋನಿನೊಳಗಿನ ಚಿತ್ರಗಳು ಮಾತ್ರ. ನಾದಿನಿ ಒಮ್ಮೆ ಚಿತ್ರ ಕೂಡಿಡುವ ಆ್ಯಪ್ ಒಂದನ್ನು ಹಾಕಿಕೊಟ್ಟು, ಮೆಚ್ಚಿದ್ದನ್ನು ಒತ್ತಿದರೆ ಸಾಕು, ಜನ್ಮಪೂರ್ತಿ ನಿನ್ನದು ಎಂದಿದ್ದಳು. ಗಿರಾಕಿಗಳು ಬರುವುದೂ ಚಿತ್ರ ಹಿಡಿದುಕೊಂಡೇ. ಇದೇ ಬೇಕು, ಒಂದು ಎಸಳೂ ಹೆಚ್ಚುಕಡಿಮೆಯಾಗಬಾರದು ಎನ್ನುವರು. ಕೇಕಕ್ಕ ಆ ಚಿತ್ರವನ್ನು ಉಳಿಸಿಕೊಂಡು, ತದ್ರೂಪು ಮಾಡಿ, ಮಾಡಿದ್ದರ ಫೋಟೊವನ್ನೂ ಅದರ ಮಗ್ಗುಲಲ್ಲೇ ಉಳಿಸುವಳು. ಯಾವುದು ಅಸಲು, ಯಾವುದು ತನ್ನದು ಎಂದು ಬರೆದಿಡುವ ಗೋಜಿಗೆ ಹೋಗಲಿಲ್ಲ. ಹೆತ್ತವಳಿಗೆ ಮಗುವಿನ ಗುರುತು ಸಿಗದೆ ಇರುತ್ತದೆಯೇ?

ಲೆಕ್ಕ ಆರು ಸಾವಿರ ದಾಟಿದಾಗ ಗಂಡ, "ಸಾಕು ಬಿಡು, ಫೋನಿಗೆ ಸಕ್ಕರೆ ಕಾಯಿಲೆ ಬಂದೀತು" ಎಂದ. ಆದರೆ ಬೆಳಗೆದ್ದು ತೆರೆದರೆ ಸಾಕು, ಅವಳಿಗೆ ಏನು ಇಷ್ಟವಾದೀತೆಂದು ಅವಳಿಗಿಂತ ಮೊದಲೇ ತಿಳಿದುಕೊಂಡು ಆ್ಯಪ್ ತಟ್ಟೆಯಲ್ಲಿಟ್ಟು ಕೊಡುತ್ತಿತ್ತು. ಕ್ರಮೇಣ ಅವಳು ಯೋಚಿಸುವ ಕೆಲಸವನ್ನೂ ಅದಕ್ಕೇ ವಹಿಸಿಬಿಟ್ಟಳು.

ಹೀಗಿರುವಾಗ ಮನೆಯ ಮಾಲೀಕರು ಬಂದು, ಗೋಡೆಯಲ್ಲಿ ವೈರು ಸುಟ್ಟ ಕಪ್ಪು ಕಲೆ ತೋರಿಸಿ, ತಿಂಗಳ ಕೊನೆಯೊಳಗೆ ಓವನ್ ಹೊರಗೆ ಹೋಗಬೇಕೆಂದರು. ಓವನ್ ಹೋದರೆ ಕೇಕಕ್ಕನಲ್ಲಿ ಉಳಿಯುವುದು ಬರೀ ಅಕ್ಕ. ದೊಡ್ಡ ಹೋಟೆಲೊಂದರಲ್ಲಿ ಕೇಕು ಅಲಂಕರಿಸುವವರು ಬೇಕಾಗಿದ್ದಾರೆಂದು ನಾದಿನಿ ಸುದ್ದಿ ತಂದಳು. ಕಸುಬು ಕೈಯಲ್ಲಿ ಉಳಿಯಲು ಇದ್ದದ್ದು ಅದೊಂದೇ ದಾರಿ.

ಹೋಟೆಲಿನ ಮುಖ್ಯ ಬಾಣಸಿಗರು ಸ್ಟೀಲ್ ಮೇಜಿನಾಚೆ ಕೂತು, ನಿಮ್ಮ ಕೆಲಸ ತೋರಿಸಿ ಎಂದರು. ಅವಳು ಆರಿಸಿ ತಂದಿದ್ದ ಮೂವತ್ತು ಚಿತ್ರಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ, ಅದೇ ಚಿತ್ರ ಇಂಟರ್ನೆಟ್ಟಿನಲ್ಲಿ ಇನ್ನೆಲ್ಲಿದೆಯೆಂದು ಹುಡುಕತೊಡಗಿದರು. ಮೊದಲನೆಯದು ಯಾವುದೋ ದೂರದೇಶದ ಬೇಕರಿಯದು. ಅಯ್ಯೋ, ಅದು ನೋಡಿ ಮಾಡಿದ್ದು, ನನ್ನದು ಪಕ್ಕದ್ದು ಎಂದಳು ಕೇಕಕ್ಕ. ಪಕ್ಕದ್ದೂ ಇನ್ನೊಬ್ಬರದೇ ಆಗಿತ್ತು. ಮೂರನೆಯದು ಬಿಳಿ ಸೇವಂತಿಗೆಯ ಕೇಕು. ಅದೂ ಒಂದು ಅಂಗಡಿಯ ಹೆಸರಿನಡಿ ಸಿಕ್ಕಿತು.

"ಇದು ಮಾತ್ರ ನಂದೇ ಸರ್. ಆ ಎಸಳಿನ ತುದಿ ಸೊಟ್ಟ ಇದೆ ನೋಡಿ, ಅವತ್ತು ನನ್ನ ಕೈ ಜಾರಿತ್ತು."

"ಇರಬಹುದಮ್ಮ. ಆದ್ರೆ ಇಂಟರ್ನೆಟ್ಟಲ್ಲಿ ಹಾಕಿರೋದು ಅವರು. ನೀವು ಎಲ್ಲೂ ಏನೂ ಹಾಕೇ ಇಲ್ವಲ್ಲ."

ಹಾಕಿರಲಿಲ್ಲ, ನಿಜ. ಗಿರಾಕಿಗೆ ಕಳಿಸಿದ ಫೋಟೊ ಯಾರ ಕೈ ದಾಟಿ ಎಲ್ಲಿಗೆ ಹೋಯಿತೋ. ಲೋಕದಿಂದ ಅವಳು ತೆಗೆದುಕೊಂಡದ್ದಕ್ಕೆ ಆರು ಸಾವಿರ ಸಾಕ್ಷಿಗಳಿದ್ದವು. ಕೊಟ್ಟದ್ದಕ್ಕೆ ಒಂದು ಸೊಟ್ಟ ಎಸಳು.

ಬಾಣಸಿಗರು ಕೆಟ್ಟವರೇನಲ್ಲ. ಬೋಳು ಕೇಕೊಂದನ್ನು ತರಿಸಿ, ಫೋನು ಇಲ್ಲಿಟ್ಟು ನಿಮಗೆ ತೋಚಿದ್ದು ಮಾಡಿ, ಒಂದು ಗಂಟೆ ಸಮಯವಿದೆ ಎಂದರು. ಕೇಕಕ್ಕ ಕ್ರೀಮಿನ ಚೀಲ ಹಿಡಿದು ನಿಂತಳು. ಗುಲಾಬಿ ಎಂದುಕೊಂಡರೆ ಯಾರದೋ ಗುಲಾಬಿ, ಬಳ್ಳಿ ಎಂದರೆ ಯಾರದೋ ಬಳ್ಳಿ. ಕಣ್ಣು ಮುಚ್ಚಿದರೂ ಬೆರಳು ಮಾತ್ರ ಗಾಳಿಯಲ್ಲಿ ಮುಂದಿನ ಚಿತ್ರಕ್ಕೆ ಸರಿಸುತ್ತಿತ್ತು. ಅರ್ಧ ಗಂಟೆ ಹಾಗೇ ಕಳೆಯಿತು. ಕಡೆಗೆ ಅಂಚಿನ ಸುತ್ತ ಸಣ್ಣ ಹೂಗಳ ಸಾಲು ಎಳೆದಳು; ಕೈ ಒಮ್ಮೆಯೂ ನಡುಗಲಿಲ್ಲ.

ಅವರು ಬಗ್ಗಿ ತುಂಬ ಹೊತ್ತು ನೋಡಿದರು.

"ಕೈ ಚೆನ್ನಾಗಿದೆ. ಇದು ಯಾರ ಡಿಸೈನು?"

ನನ್ನದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಕೇಕಕ್ಕ ನಿಜವಾಗಿಯೂ ತನ್ನೊಳಗೆ ಹುಡುಕಿ ನೋಡಿದಳು.

"ಗೊತ್ತಿಲ್ಲ ಸರ್."

ಹೇಳಿ ಕಳಿಸುತ್ತೇವೆ ಎಂದರು. ಕಳಿಸಲಿಲ್ಲ.

ತಿಂಗಳ ಕೊನೆಯ ದಿನ ಇಬ್ಬರು ಆಳುಗಳು ಓವನನ್ನು ಮೆಟ್ಟಿಲಿಳಿಸಿದರು. ಅದು ಗಾಡಿಯೇರುವ ಮುಂಚೆ ಗಂಡ ಮೆಲ್ಲಗೆ, "ಒಂದು ಫೋಟೊ ತೆಗೆದಿಟ್ಟುಕೋ, ನೆನಪಿಗಿರಲಿ" ಎಂದ.

"ಯಾರಾದ್ರೂ ತೆಗೆದಿರ್ತಾರೆ ಬಿಡಿ" ಎಂದಳು ಅವಳು.