ಮಲ್ಲಿಗೆ ಆಗದ ಮೂಗು

ಪರಿಮಳದ ವಿಷಯದಲ್ಲಿ ನನ್ನ ಮೂಗು ಅಷ್ಟೇನೂ ಚುರುಕಲ್ಲ. ಅಜ್ಜಂಪುರದ ನಮ್ಮ ಹಿತ್ತಲಿನಲ್ಲಿ ಸಂಪಿಗೆ ಅರಳಿದ್ದನ್ನು ಬೀದಿಯಲ್ಲಿ ಹೋಗುವವರು ನಿಂತು ಹೇಳಿದರೇ ನನಗೆ ಗೊತ್ತಾಗುವುದು. ಅದೇ ಸಂಪಿಗೆ ನನ್ನ ಹೆಂಡತಿಗೆ ಅರೆತಲೆನೋವು ತರುತ್ತದೆ, ನನ್ನ ಅವ್ವನಿಗೆ ನಿದ್ದೆ ತರುತ್ತದೆ. ಒಂದೇ ಮರ, ಒಂದೇ ಗಾಳಿ, ಹೀಗೇಕೋ ಕಾಣೆ.

ಹೂಗಳೂ ಒಂದೊಂದು ಬಗೆ. ಸುಗಂಧರಾಜ ಹಗಲೆಲ್ಲ ಸುಮ್ಮನಿದ್ದು ಸಂಜೆಗೆ ಬಾಯಿ ಬಿಡುತ್ತದೆ. ಸೇವಂತಿಗೆಯನ್ನು ಹತ್ತಿರ ಹಿಡಿದು ಮೂಸಬೇಕು. ಕನಕಾಂಬರಕ್ಕೆ ಬಣ್ಣವಷ್ಟೇ, ವಾಸನೆಯ ಗೊಡವೆಯಿಲ್ಲ. ಕೇದಗೆ ಎಷ್ಟು ಘಮಘಮಿಸಿದರೂ ನಮ್ಮ ಶಿವನಿಗೆ ಏರಿಸುವಂತಿಲ್ಲ. ಹಿಂದೆ ಯಾವಾಗಲೋ ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ಹೇಳಿತಂತೆ. ನಾವು ಮೂಸಿದ ಹೂವೂ ಪೂಜೆಗೆ ಸಲ್ಲದು. "ಹಾಗಾದರೆ ನೆಗಡಿಯಾದವನೇ ಹೂ ಬಿಡಿಸಲು ಯೋಗ್ಯ" ಎಂದು ಒಮ್ಮೆ ಹೇಳಿ ಅವ್ವನಿಂದ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಈ ಮೂಗಿನ ಪುರಾಣ ಗಂಭೀರವಾದದ್ದು ಮಗಳು ರೇಖಾ ಬಸುರಿಯಾಗಿ ಸೀಮಂತಕ್ಕೆ ಬಂದಾಗ. ಮಲ್ಲಿಗೆಯೆಂದರೆ ಪ್ರಾಣ ಬಿಡುತ್ತಿದ್ದ ಹುಡುಗಿಗೆ ಈಗ ಮಲ್ಲಿಗೆಯೆಂದರೆ ಓಕರಿಕೆ. ಡಾಕ್ಟರು "ಕೆಲವರಿಗೆ ಹಾಗಾಗುತ್ತೆ ಬಿಡಿ" ಎಂದು ನಕ್ಕರು. ಅವರಿಗೇನು, ನಗಬಹುದು! ಮೊಗ್ಗಿನ ಜಡೆ ಇಲ್ಲದೆ ಸೀಮಂತ ಮಾಡುವುದು ಹೇಗೆ?

"ಕನಕಾಂಬರದಲ್ಲೇ ಜಡೆ ಹೆಣಿಸ್ರೇ, ಅದೇನು ಮೂಗಿಗೆ ಬಡೀತದಾ?" ಎಂದಳು ಅವ್ವ. ಕಡೂರಿನ ಹೂವಿನಂಗಡಿಯವನು ಹಾಗೆಯೇ ಹೆಣೆದುಕೊಟ್ಟ. ಗೆದ್ದೆವು ಅಂದುಕೊಂಡೆವು.

ಬರುವವರ ತಲೆಯ ವಿಚಾರ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ತರೀಕೆರೆಯಿಂದ, ಬುಕ್ಕಾಂಬುಧಿಯಿಂದ ಬಂದ ಹೆಂಗಸರೆಲ್ಲ ಮೊಳಗಟ್ಟಲೆ ಮಲ್ಲಿಗೆ ಮುಡಿದಿದ್ದರು. ಮುತ್ತೈದೆಯರಿಗೆ ಹೂ ತೆಗೆಯಿರಿ ಅನ್ನಲಾದೀತೆ? ಹಸೆಮಣೆಯಿಂದ ಬಸುರಿ ನಡುವೆ ಎದ್ದು ಹೋಗುವುದೂ ಅಪಶಕುನವೇ. ರೇಖಾಳ ಮುಖ ಬಿಳಿಚಿಕೊಂಡಿತು. ನಾನು ಬುದ್ಧಿವಂತಿಕೆಯಿಂದ ಟೇಬಲ್ ಫ್ಯಾನ್ ತಂದಿಟ್ಟೆ. ಅದು ಆ ಮೂಲೆಯಲ್ಲಿದ್ದ ಮಲ್ಲಿಗೆಯ ವಾಸನೆಯನ್ನೂ ತಂದು ಅವಳ ಮೂಗಿಗೇ ಸುರಿಯಿತು. "ಆರ್ಸ್ರೀ ಅದನ್ನ!" ಎಂದು ಹೆಂಡತಿ ಕಿರುಚಿದಳು.

ರೇಖಾ ಬಾಯಿಗೆ ಸೆರಗು ಒತ್ತಿಕೊಂಡು, "ಅಜ್ಜಿ ಎಲ್ಲಿ? ಅಜ್ಜೀನ ಕರೀರಿ" ಎಂದಳು.

ಅವ್ವ ಅಡುಗೆಮನೆಯಲ್ಲಿದ್ದಳು. ಅಪ್ಪ ಹೋದಾಗಿನಿಂದ ಅವಳು ಹೂ ಮುಡಿದಿಲ್ಲ. ಇಂಥ ಶುಭಕಾರ್ಯದಲ್ಲಿ ಮುಂದೆ ಬಂದದ್ದೂ ಇಲ್ಲ. ಬಾಗಿಲಲ್ಲೇ ನಿಂತು, "ನಾನ್ಯಾಕೆ ಕಣೇ? ಅದು ಮುತ್ತೈದೇರು ಕೂರೋ ಜಾಗ" ಎಂದಳು.

"ಇಲ್ಲಿ ಮಲ್ಲಿಗೆ ಇಲ್ದೇ ಇರೋ ತಲೆ ನಿನ್ನದೊಂದೇ. ಪಕ್ಕ ಬಂದು ಕೂತ್ಕೋ ಅಜ್ಜಿ, ಇಲ್ಲಾಂದ್ರೆ ಎದ್ಬಿಡ್ತೀನಿ."

ನನ್ನ ಹೆಂಡತಿ ಇನ್ನೊಂದು ಮಣೆ ತಂದು ಹಾಕಿದಳು. ಅವ್ವ ಮುದುಡಿಕೊಂಡೇ ಕುಳಿತಳು. ವಿಭೂತಿ, ಒಗ್ಗರಣೆಗಳ ವಾಸನೆಯ ಆ ಸೀರೆಗೆ ರೇಖಾ ಮುಖ ಒತ್ತಿ ದೀರ್ಘವಾಗಿ ಉಸಿರೆಳೆದುಕೊಂಡಳು. ಮುಖಕ್ಕೆ ಮೆಲ್ಲಗೆ ಕಳೆ ಬಂತು.

ಆರತಿ ಬಂತು. ಅಷ್ಟರಲ್ಲಿ ಅವ್ವನ ಬೆನ್ನು ನೆಟ್ಟಗಾಗಿತ್ತು. "ಏಯ್, ಅಲ್ಲೇ ನಿಂತು ಬೆಳಗ್ರೇ, ಹತ್ರ ಬರಬ್ಯಾಡಿ, ನಿಮ್ ಹೂವು ಮಗೀಗೆ ಆಗಲ್ಲ!" ಎಂದು ಗದರಿದಳು. ಮುತ್ತೈದೆಯರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷ ಅವ್ವನನ್ನು ಯಾರೂ ಮುಂದೆ ಬಾ ಎಂದು ಕರೆದಿರಲಿಲ್ಲ. ಕರೆಯುವುದಕ್ಕೆ ನಮ್ಮ ಮನೆಯಲ್ಲಿ ಒಂದು ಓಕರಿಕೆ ಬೇಕಾಯಿತು.